ಮುಚ್ಚಿದ ದಿಡ್ಡಿ ಬಾಗಿಲು

ಶಿಷ್ಯ ಕೇಳಿದ: "ಗುರುಗಳೇ, ಪ್ರತಿ ಸರ್ವರ್‌ಗೂ ಅದರದೇ ಸ್ವಿಚ್ ಇರುವುದು ಮೇಲೋ, ಎಲ್ಲಕ್ಕೂ ಹರಡಿದ ಒಂದೇ ಸ್ವಿಚ್ ಮೇಲೋ?"

ಅದು ಆಸ್ಪತ್ರೆಯೊಂದರ ಡೇಟಾ ಸೆಂಟರ್. ಹನ್ನೊಂದು ಸರ್ವರ್‌ಗಳು. ಒಂದೊಂದರ ಒಳಗೂ ಕಣ್ಣಿಗೆ ಕಾಣದ ಹತ್ತಾರು ವರ್ಚುವಲ್ ಯಂತ್ರಗಳು. ಜಾಲಕ್ಕೆ ಹೋಗಿಬರಲು ಅವುಗಳಿಗೆ ಸ್ವಿಚ್ಚೇ ಬಾಗಿಲು. ಶಿಷ್ಯ ಎಲ್ಲವನ್ನೂ ಹನ್ನೊಂದಕ್ಕೂ ಹರಡಿದ ಒಂದೇ ಹೊಸ ಸ್ವಿಚ್ಚಿಗೆ ಸೇರಿಸಿದ್ದ. ಯಾರನ್ನು ಒಳಗೆ ಬಿಡಬೇಕೆಂದು ಆ ಸ್ವಿಚ್ಚಿಗೆ ಅಪ್ಪಣೆ ಕೊಡುವ ಯಂತ್ರವೂ ಅವುಗಳಲ್ಲೊಂದು. ಆ ಅಪ್ಪಣೆ ಬೇಡದ ಹಳೆಯ ಸ್ವಿಚ್ ಒಂದು ಉಳಿದಿತ್ತು. ಅದನ್ನೂ ಅಳಿಸಲು ಅವನ ಬೆರಳು ಕೀಲಿಮಣೆಯ ಕೀಲಿಯ ಮೇಲಿತ್ತು.

"ಒತ್ತಬೇಡ, ಕೇಳು" ಎಂದರು ಗುರು.

ಒಬ್ಬ ವ್ಯಾಪಾರಿ ಇದ್ದ. ಘಟ್ಟದ ದಾರಿಯಲ್ಲಿ ಅವನವು ಹನ್ನೊಂದು ಛತ್ರ. ಒಂದೊಂದಕ್ಕೆ ಒಬ್ಬ ಕಾವಲಿನವ, ಒಬ್ಬೊಬ್ಬನದು ಒಂದೊಂದು ಕಟ್ಟಳೆ. ನಿನ್ನೆ ಒಂದು ಛತ್ರದಲ್ಲಿ ಉಂಡವನನ್ನು ಇವತ್ತು ಮುಂದಿನದರಲ್ಲಿ "ನೀನ್ಯಾರಯ್ಯ?" ಎಂದು ತಡೆಯುತ್ತಿದ್ದರು. ಜನ ದಾರಿಯಲ್ಲೇ ಕೂರುತ್ತಿದ್ದರು.

ವ್ಯಾಪಾರಿಯ ಹೆಂಡತಿ ಕೆಳಗಿನ ಛತ್ರದ ತನ್ನ ಕೋಣೆಯಲ್ಲಿ ಕೂತು ಒಳಗೆ ಬಿಡಬೇಕಾದವರ ಒಂದು ಪಟ್ಟಿ ಬರೆದಳು. ಹನ್ನೊಂದು ಬಾಗಿಲಿಗೂ ಅದರ ನಕಲು ಹೋಯಿತು. ಹೆಸರು ಸೇರಿಸುವವಳು ಅವಳೊಬ್ಬಳೇ. ಆಮೇಲೆ ಯಾರೂ ಹೊರಗೆ ಕೂರಲಿಲ್ಲ. ವ್ಯಾಪಾರಿಗೆ ಹೆಮ್ಮೆಯಾಯಿತು. ಅವಳಿಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ.

ಕೆಳಗಿನ ಛತ್ರಕ್ಕೆ ಹಿತ್ತಿಲ ಕಡೆ ಒಂದು ದಿಡ್ಡಿ ಬಾಗಿಲಿತ್ತು. ಅದಕ್ಕೆ ಪಟ್ಟಿ ಇಲ್ಲ. ಅಲ್ಲಿನ ಕಾವಲಿನ ಮುದುಕನ ಕಣ್ಣೇ ಪಟ್ಟಿ.

"ಅದನ್ನು ಮುಚ್ಚಿಬಿಡು" ಅಂದ ವ್ಯಾಪಾರಿ.

"ಇದೊಂದು ಇರಲಿ ಬುದ್ಧಿ. ಪಟ್ಟೀಲಿ ಇಲ್ದೋರೂ ಬರ್ತಾರೆ."

"ಯಾರು, ನಿನ್ನ ಚಿಲುಮೆ ಗೆಳೆಯರೇ?"

ಮುದುಕ ನಕ್ಕ. "ಅವರೂ ಬರ್ತಾರೆ."

ವ್ಯಾಪಾರಿ ದಿಡ್ಡಿಗೆ ಅಡ್ಡ ಗೋಡೆ ಕಟ್ಟಿಸಿದ. ಹೆಂಡತಿ ತೌರಿಗೆ ಹೋದ ದಿನಗಳಲ್ಲಿ ಮುದುಕ ಕೆಲಸ ಬಿಟ್ಟ. ಹೊಸಬ ಬಂದ.

ಅವಳು ಬಾಡಿಗೆ ಗಾಡಿಯಲ್ಲಿ ಹಿಂದಿರುಗುವಾಗ ಜ್ವರ ಏರಿತು. ಮಟಮಟ ಮಧ್ಯಾಹ್ನ ಆ ಛತ್ರದ ಮುಂದೆ ಇಳಿದಳು. ಹೊಸಬ ಅವಳನ್ನು ಕಂಡವನಲ್ಲ. ಪಟ್ಟಿ ನೋಡಿದ. ಎಲ್ಲರ ಹೆಸರು ಬರೆದವಳು ತನ್ನದನ್ನು ಬರೆದಿರಲಿಲ್ಲ.

"ಪಟ್ಟಿ ಬರೆದವಳೇ ನಾನಪ್ಪ."

"ಬೆಳಗಿಂದ ಇಬ್ಬರು ಹಂಗೇ ಅಂದ್ರು ತಾಯಿ. ಅಮ್ಮಾವ್ರು ನಿಮ್ಮ ಹೆಸರು ಬರೀಲಿ, ಬಿಡ್ತೀನಿ."

ಜ್ವರದಲ್ಲೂ ಅವಳಿಗೆ ನಗು ಬಂತು. ಬರೆಯುವ ಪುಸ್ತಕ ಒಳಗಿತ್ತು. ಹೊಸಬ ಒಳ್ಳೆಯವನೇ. ನೀರು ಕೊಟ್ಟ. ಬಾಗಿಲು ಬಿಡಲಿಲ್ಲ.

ಗಾಡಿಯವ ಹೋಗಿ ವ್ಯಾಪಾರಿಯನ್ನು ಕರೆತರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವಳು ಬಾಗಿಲ ಪಕ್ಕದ ಕಲ್ಲಿಗೆ ಒರಗಿದ್ದಳು. ಉಸಿರಿರಲಿಲ್ಲ. ಒಳಗೆ ಪಟ್ಟಿಯಲ್ಲಿದ್ದವರು ಉಣ್ಣುತ್ತಿದ್ದರು.

ವ್ಯಾಪಾರಿ ಹೊಸಬನನ್ನು ಬೈಯಲಿಲ್ಲ. ಹೇಳದೆ ಉಳಿದ ಮಾತನ್ನು ಅವಳ ಪಕ್ಕ ಕೂತು ಹೇಳಿದ. ಮೂರನೆಯ ದಿನ ಹಾರೆ ಹಿಡಿದು ತಾನೇ ಆ ಗೋಡೆ ಒಡೆದ.

ಗುರು ಕಥೆ ಮುಗಿಸಿದರು.

"ಹಾಗಾದರೆ ಒಂದೇ ಪಟ್ಟಿ ಇಟ್ಟದ್ದು ತಪ್ಪೇ?" ಎಂದ ಶಿಷ್ಯ.

"ಅಲ್ಲ. ಅವಳು ತೀರಿಹೋದ ದಿನವೂ ಹನ್ನೊಂದು ಬಾಗಿಲೂ ಅವಳ ಪಟ್ಟಿಯಂತೆಯೇ ತೆರೆದವು. ಹೊಸ ಹೆಸರು ಮಾತ್ರ ಸೇರಲಿಲ್ಲ."

ಗುರು ಕೇಳಿದರು:

"ನಿನ್ನ ಅಪ್ಪಣೆ ಕೊಡುವ ಯಂತ್ರ ಒಮ್ಮೆ ಬಿದ್ದು ಎದ್ದರೆ, ಅದನ್ನು ಒಳಗೆ ಬಿಡಲು ಅಪ್ಪಣೆ ಕೊಡುವವರು ಯಾರು?"

ಶಿಷ್ಯ ಕೀಲಿಯ ಮೇಲಿಂದ ಬೆರಳು ತೆಗೆದ.