ಬೂರುಗದ ಹಾವುಗೆ

“ಗುರುಗಳೇ, ನಿಮ್ಮ ಹಾವುಗೆ ಇಷ್ಟೊಂದು ಸದ್ದು ಮಾಡಬೇಕೇ?” ಎಂದು ಶಿಷ್ಯ ಚೆನ್ನಮಲ್ಲ ಕೇಳಿದ. “ನೀವು ಅಂಗಳ ದಾಟುವಾಗಲೇ ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ಗೊರಕೆ ಹೊಡೆಯುತ್ತಿದ್ದವರು ಥಟ್ಟನೆ ಎದ್ದು ಓಲೆಗರಿ ಬಿಚ್ಚುತ್ತಾರೆ. ಒಬ್ಬನಂತೂ ದಿನಾ ತಲೆಕೆಳಗಾಗಿ ಹಿಡಿದು ಓದುತ್ತಾನೆ. ಅದಕ್ಕೇ ನಾಲ್ಕು ದಿನ ಓದು ಬಿಟ್ಟು ಈ ಜೋಡು ಕೆತ್ತಿದೆ. ಬೂರುಗದ ಮರದ್ದು. ಮೆಟ್ಟಿಕೊಂಡು ಬನ್ನಿ, ಮಠದ ನಿಜಸ್ಥಿತಿ ಕಾಣುತ್ತದೆ.”

ಗುರುಗಳು ಹಾವುಗೆಯನ್ನು ತಿರುಗಿಸಿ ನೋಡಿ ಬೆರಳಿನಿಂದ ತಟ್ಟಿದರು. ಸದ್ದೇ ಬರಲಿಲ್ಲ.

“ಕೆತ್ತನೆ ಚೆನ್ನಾಗಿದೆ. ಕೂತುಕೋ,” ಎಂದು ಹೇಳತೊಡಗಿದರು.

ಒಬ್ಬ ಯಜಮಾನನಿಗೆ ಹನ್ನೆರಡು ಮಗ್ಗಗಳಿದ್ದವು. ಹನ್ನೆರಡು ಮಂದಿ ನೇಕಾರರು ಅವನ ಚಾವಡಿಯಲ್ಲಿ ಸೀರೆ ನೇಯುತ್ತಿದ್ದರು. ಅವನ ಕಾಲಲ್ಲಿ ಬೀಟೆ ಮರದ ಹಾವುಗೆ. ಕಲ್ಲುಹಾಸಿನ ಮೇಲೆ ಅದು ಟಕಟಕ ಎಂದರೆ ಹರಟೆ ನಿಂತು ಲಾಳಿ ಓಡುತ್ತಿತ್ತು. ಸೀರೆಗಳೇನೋ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದವು. ಆದರೂ ತನ್ನ ಬೆನ್ನ ಹಿಂದೆ ಏನು ನಡೆಯುತ್ತದೆ ಎಂಬ ಹುಳ ಅವನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ.

ಅವನು ಬಡಗಿಯ ಬಳಿಗೆ ಹೋದ. ಬಡಗಿ ಮೂರು ತುಂಡು ಮರ ತಂದು ಒಂದೊಂದನ್ನೂ ಕಲ್ಲಿಗೆ ಕುಟ್ಟಿ ತೋರಿಸಿದ. ಬೀಟೆ ಗಟ್ಟಿ ಮರ. ಬಂದ ಸದ್ದನ್ನು ಹಾಗೆಯೇ ವಾಪಸು ಎಸೆಯಿತು. ತೇಗ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟಿತು. ಬೂರುಗ ಮೆತ್ತಗಿನ ಮರ, ಪೂರ್ತಿ ನುಂಗಿಬಿಟ್ಟಿತು.

“ಇದನ್ನು ಮೆಟ್ಟಿದರೆ ನೀವು ನಡೆದದ್ದು ನಿಮ್ಮ ಕಿವಿಗೇ ಕೇಳಿಸುವುದಿಲ್ಲ ಯಜಮಾನರೇ. ಆದರೆ ಬೇಗ ಸವೆಯುತ್ತದೆ.”

“ಸವೆಯಲಿ ಬಿಡಪ್ಪ. ಅಷ್ಟರಲ್ಲಿ ನನ್ನ ಕೆಲಸ ಆಗಿರುತ್ತದೆ.”

ಮೊದಲ ದಿನವೇ, ಚಾವಡಿಯ ಕಂಬದ ಹಿಂದೆ ನಿಂತವನಿಗೆ ಒಬ್ಬ ನೇಕಾರ ತನ್ನ ನಡಿಗೆಯನ್ನು ಅಣಕಿಸುವುದು ಕಣ್ಣಿಗೆ ಬಿತ್ತು. ಅವನನ್ನು ಕೆಲಸದಿಂದ ಬಿಡಿಸಿದ. ಮರುದಿನ ನಕ್ಕವರಿಬ್ಬರನ್ನು ಬಿಡಿಸಿದ. ಆಮೇಲೆ ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡದವರು ಏನು ಯೋಚಿಸುತ್ತಿರಬಹುದು ಎಂಬ ಚಿಂತೆ ಹತ್ತಿತು. ಕಂಬದ ಹಿಂದೆ ಒಂದು ಗಳಿಗೆ ನಿಲ್ಲುತ್ತಿದ್ದವನು ಅರ್ಧ ದಿನ ನಿಲ್ಲತೊಡಗಿದ. ಬಣ್ಣ ನೋಡುವುದು, ನೂಲು ಆರಿಸುವುದು, ಗಿರಾಕಿಗಳನ್ನು ಮಾತಾಡಿಸುವುದು ಎಲ್ಲ ಹಿಂದೆ ಬಿತ್ತು. ಮನೆಯಲ್ಲಿ ಹೆಂಡತಿ, “ಮೊದಲು ನಿಮ್ಮ ಸದ್ದು ಕೇಳಿ ರೊಟ್ಟಿ ಹಂಚಿಗೆ ಹಾಕುತ್ತಿದ್ದೆ. ಈಗ ತಣ್ಣಗಿನದೇ ತಿನ್ನಿ,” ಎಂದಳು.

ಒಂದು ಬೆಳಿಗ್ಗೆ ದೂರದ ಊರಿನ ವರ್ತಕ ಬಂದ. ಅವನಿಗೆ ನಾನೂರು ಧಾರೆ ಸೀರೆ ಬೇಕಿತ್ತು. ಹನ್ನೆರಡು ಮಗ್ಗಕ್ಕೂ ವರ್ಷವಿಡೀ ಕೆಲಸ.

“ಯಜಮಾನರು ಎಲ್ಲಿ?” ಎಂದು ಕೇಳಿದ.

ಎಲ್ಲರಿಗಿಂತ ಹಿರಿಯ ನೇಕಾರ ತಲೆ ಎತ್ತದೆ, “ಯಾವುದಾದರೂ ಕಂಬದ ಹಿಂದೆ ಹುಡುಕಿ ಸ್ವಾಮಿ. ಮೊದಲಾದರೆ ಕಿವಿಗೆ ಬೀಳುತ್ತಿದ್ದರು,” ಎಂದ.

ಯಜಮಾನ ಕಂಬದ ಹಿಂದೆಯೇ ಇದ್ದ. ಎರಡು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಟ್ಟರೆ, ಬೆಳಗಿನಿಂದ ಅಲ್ಲೇ ನಿಂತಿದ್ದು ಎಲ್ಲರಿಗೂ ತಿಳಿದುಬಿಡುತ್ತಿತ್ತು. ಅವನು ಉಸಿರು ಬಿಗಿಹಿಡಿದ. ವರ್ತಕ ಸ್ವಲ್ಪ ಹೊತ್ತು ಕಾದ, ನೀರು ಕುಡಿದ, ಪಕ್ಕದ ಬೀದಿಯ ಚಾವಡಿಗೆ ಹೋದ. ಕೆಲಸ ಅಲ್ಲಿಗೆ ಹೋಯಿತು. ವಾರದೊಳಗೆ ನೇಕಾರರೂ ಅದರ ಹಿಂದೆಯೇ ಹೋದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನಮಲ್ಲ ನಗು ತಡೆಯಲಾರದೆ, “ಎಂಥ ಮೂಢ! ಆಮೇಲಾದರೂ ಬೀಟೆಯ ಹಾವುಗೆಗೆ ಮರಳಿದನೇ ಗುರುಗಳೇ?” ಎಂದ.

ಗುರುಗಳು ತಮ್ಮ ಹಳೆಯ ಹಾವುಗೆಯನ್ನೇ ಮೆಟ್ಟಿ ಎದ್ದು ನಿಂತು ಹೇಳಿದರು:

“ಅದಿರಲಿ, ನಮ್ಮ ಹುಡುಗರು ಗೊರಕೆ ಹೊಡೆಯುವುದನ್ನು ನೀನು ಯಾವ ಕಂಬದ ಹಿಂದೆ ನಿಂತು ನೋಡಿದೆ?”