ರಾಜೇಸಾಬ ಬಗ್ಗಿಸಿದ ಹ್ಯಾಂಡಲ್ಲು

ಯಾವ ಇಸವಿ ಅಂತ ಮಾತ್ರ ಕೇಳಬೇಡಿ. ಸೈಕಲ್ಲು ಬಂದಿತ್ತು, ಫಟಫಟಿ ಅನ್ನುವ ಮೋಟರ್‌ಸೈಕಲ್ಲು ಇನ್ನೂ ಬಂದಿರಲಿಲ್ಲ, ಅಷ್ಟು ಹಿಂದೆ. ಎರೆಹೊಸೂರು ಅನ್ನುವ ಒಂದು ಊರಿನಲ್ಲಿ ರಾಜೇಸಾಬ ಅಂತ ಒಬ್ಬ ಸೈಕಲ್ ರಿಪೇರಿಯವನಿದ್ದ. ಪಂಕ್ಚರು ಯಾರು ಬೇಕಾದರೂ ತೆಗೆಯುತ್ತಾರೆ ಬಿಡಿ. ರಾಜೇಸಾಬ ಹ್ಯಾಂಡಲ್ಲು ಬಗ್ಗಿಸುತ್ತಿದ್ದ. ಕೊಳವೆಯೊಳಗೆ ಒಣ ಉಸುಕು ತುಂಬಿ, ಎರಡೂ ಬಾಯಿಗೆ ಬೆಣೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸಿದರೆ ಒಂದು ಸುಕ್ಕೂ ಬೀಳುತ್ತಿರಲಿಲ್ಲ ಅಂತಾರೆ. ಅವನ ಹ್ಯಾಂಡಲ್ಲು ಹಿಡಿದು ನಿದ್ದೆ ಮಾಡುತ್ತಲೇ ಸಂತೆಗೆ ಹೋಗಿ ಬಂದವರಿದ್ದರು ಅಂತಾರೆ. ಇದೊಂದು ಸುಳ್ಳಿರಬೇಕು. ನಿಜವಾಗಿದ್ದರೆ ನಮ್ಮ ಹಿರಿಯರು ಆ ದಾರಿಯಲ್ಲಿ ಓಡಾಡಿ ಉಳಿಯುತ್ತಿರಲಿಲ್ಲ.

ಬಂದವರನ್ನು ಮೊದಲು ಕಟ್ಟೆಯ ಮೇಲೆ ಕೂರಿಸುತ್ತಿದ್ದನಂತೆ. ಕಣ್ಣು ಮುಚ್ಚಿ, ಊಟದ ತಟ್ಟೆ ಹಿಡಿದವರ ಹಾಗೆ ಕೈ ಮುಂದೆ ಮಾಡಲು ಹೇಳುತ್ತಿದ್ದನಂತೆ. ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹ್ಯಾಂಡಲ್ಲು ಬರಬೇಕು. ಆದರೆ ಕುಲುಮೆ ಊದುವ ಮುಂಚೆ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ.

“ಕೈಗೆ ಕೊಟ್ಟದ್ದನ್ನ ಹಾದಿ ಕಸಗೋತೈತಿ, ನೋಡ್ರಿ.”

ಹಾಲಿನ ಗೂಳಪ್ಪನಿಗೆ ಎತ್ತಿನ ಕೋಡಿನಷ್ಟು ಅಗಲದ ಹ್ಯಾಂಡಲ್ಲು ಹಾಕಿಕೊಟ್ಟ. ಕ್ಯಾನಿನ ಭಾರಕ್ಕೆ ಸೈಕಲ್ಲು ಓಲಾಡುವುದು ನಿಂತಿತು. ಆದರೆ ಓಣಿಯಲ್ಲಿ ಎದುರಿಗೆ ಎಮ್ಮೆ ಬಂದರೆ ಎಮ್ಮೆಯೇ ಗೆಲ್ಲುತ್ತಿತ್ತು. ಗರಡಿಯ ಪೈಲವಾನನಿಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಅವನು ಎದುರುಗಾಳಿ ಸೀಳಿಕೊಂಡು ಹೋಗುತ್ತಿದ್ದ, ಮನೆಗೆ ಬಂದು ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

ಅದೇ ಊರಲ್ಲಿ ನೀಲಗಂಗವ್ವ ಅನ್ನುವ ಸೂಲಗಿತ್ತಿ ಇದ್ದಳು. ಕಚ್ಚೆ ಸೀರೆ ಉಟ್ಟು ಗಂಡಸರ ಸೈಕಲ್ಲು ಏರಿ ಹಳ್ಳಿ ಹಳ್ಳಿಗೆ ಹೋಗುತ್ತಿದ್ದಳು. ಕಂಡು ನಕ್ಕವರ ಮನೆಯಲ್ಲೂ ಕೊನೆಗೆ ಅವಳೇ ಹೆರಿಗೆ ಮಾಡಿಸಬೇಕಾಯಿತು, ನಗು ನಿಂತಿತು. ರಾಜೇಸಾಬನ ಹೆಂಡತಿಗೆ ಕೂಸು ಅಡ್ಡ ತಿರುಗಿದಾಗ ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವಳು ಅವಳು.

ಆ ನೀಲಗಂಗವ್ವ ಒಂದು ದಿನ ಅಂಗಡಿಗೆ ಬಂದು ಎರಡೂ ಕೈ ಚಾಚಿದಳು.

“ತಮ್ಮಾ, ಊರು ಮುಟ್ಟೂದ್ರಾಗ ಕೈ ಜೋಮು ಹಿಡೀತಾವು. ಕೂಸಿನ ತಲಿ ಎಲ್ಲೈತಿ ಅಂತ ಬೆರಳಿಗೆ ತಿಳೀವಲ್ದು.”

ಸೂಲಗಿತ್ತಿಗೆ ಬೆರಳೇ ಕಣ್ಣು. ರಾಜೇಸಾಬ ತಡಮಾಡದೆ ಕುಲುಮೆ ಊದಿದ. ಯಾರಿಗೂ ಬಗ್ಗಿಸದಷ್ಟು ಬಗ್ಗಿಸಿದ. ಹಿಡಿಕೆಗಳು ಹಿಂದಕ್ಕೆ ಬಂದು ಅವಳ ಮಡಿಲನ್ನೇ ಮುಟ್ಟಿದವು. ಎಲ್ಲರಿಗೂ ಹೇಳುವ ಆ ಮಾತನ್ನು ಅವತ್ತು ಅವನು ಹೇಳಲಿಲ್ಲ. ಋಣ ತೀರಿಸುವ ಖುಷಿಯಲ್ಲಿ ಮರೆತೇಬಿಟ್ಟಿದ್ದ.

ನೀಲಗಂಗವ್ವ ನೆಟ್ಟಗೆ ಕೂತು ರಾಣಿಯ ಹಾಗೆ ಹೋಗಿಬರುತ್ತಿದ್ದಳು. ಜೋಮು ಹೋಯಿತು, ಬೆರಳಿಗೆ ಜೀವ ಬಂತು. ಸೈಕಲ್ಲು ಹೊರಳುವಾಗ ಮಾತ್ರ ಸ್ವಲ್ಪ ಮೊಂಡು ಮಾಡುತ್ತಿತ್ತು, ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಮುದೇನಕೊಪ್ಪದಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಬೆಳಗಿನಿಂದ ನೋವು. ನೀಲಗಂಗವ್ವ ಅವಸರದಲ್ಲಿ ಹೊರಟಳು. ಹಳ್ಳದ ಇಳುಕಲಿನಲ್ಲಿ ದಾರಿ ಗಕ್ಕನೆ ಹೊರಳುತ್ತದೆ. ಹ್ಯಾಂಡಲ್ಲು ತಿರುಗಿಸಿದರೆ ಹಿಡಿಕೆ ಮಂಡಿಗೆ ಸಿಕ್ಕಿಕೊಂಡಿತು, ಸೈಕಲ್ಲು ಹೊರಳಲೇ ಇಲ್ಲ. ಜಾಲಿಕಂಟಿಯೊಳಗೆ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದೇ ಹೋದಳಂತೆ. ಬಸುರಿಯ ಅತ್ತೆಯನ್ನು ಮುಂದೆ ಕೂರಿಸಿ, ಅವಳ ಕೈ ಮೇಲೆ ತನ್ನ ಎಡಗೈ ಇಟ್ಟು, ಇಲ್ಲಿ ಹಿಡಿ, ಇಲ್ಲಿ ಬಿಡು, ಈಗ ತಡಿ ಅಂತ ಹೇಳುತ್ತಾ ಹೋದಳಂತೆ. ಹೊತ್ತು ಇಳಿಯುವಾಗ ಕೂಸು ಅತ್ತಿತು. ತಾಯಿಯೂ ಉಳಿದಳು.

ಸುದ್ದಿ ಕೇಳಿ ಓಡಿಬಂದ ರಾಜೇಸಾಬ ಅವಳ ಮನೆಯ ಅಂಗಳದಲ್ಲೇ ಕೂತು ಅತ್ತುಬಿಟ್ಟ. “ಊರಿಗೆಲ್ಲ ಹೇಳೋ ಮಾತು ನಿನಗ ಹೇಳಲಿಲ್ಲ ಅಕ್ಕಾ. ಆ ಹ್ಯಾಂಡಲ್ ಕೊಡು, ಮೊದಲಿನಂಗ ನೆಟ್ಟಗ ಮಾಡ್ತೀನಿ.”

“ಬ್ಯಾಡ,” ಅಂದಳಂತೆ ನೀಲಗಂಗವ್ವ. “ಮುರದ ಎಲುಬು ಕೂಡ್ತೈತಿ. ಸತ್ತ ಬೆರಳು ಕೂಡೂದಿಲ್ಲ. ಮಂಡಿಗೆ ಒಂದೀಟು ಜಾಗ ಬಿಡು, ಸಾಕು. ಇಳುಕಲ ಬಂದ್ರ ನಾ ಇಳದು ನಡೀತೀನಿ.”

ಅವನು ಮಂಡಿಗೆ ಜಾಗ ಬಿಟ್ಟುಕೊಟ್ಟ. ಕೈ ಕೂಡಿದ ಮೇಲೆ ಅವಳು ಸಾಯುವ ತನಕ ಅದೇ ಸೈಕಲ್ಲಿನಲ್ಲಿ ಓಡಾಡಿದಳು, ಆ ಇಳುಕಲಿನಲ್ಲಿ ಇಳಿದು ನಡೆದಳು. ರಾಜೇಸಾಬನ ಸ್ವಂತ ಸೈಕಲ್ಲು ಹೇಳಿದಂತೆ ಹೊರಳುತ್ತಿತ್ತು, ಆದರೂ ಅವನೂ ಅಲ್ಲಿ ಇಳಿದು ನಡೆಯುತ್ತಿದ್ದನಂತೆ. ಅವರಿಬ್ಬರನ್ನು ನೋಡಿ ಊರೂ ಅಲ್ಲಿ ಇಳಿದು ನಡೆಯಲು ಕಲಿಯಿತು.

ಈಗ ಅಲ್ಲಿ ಡಾಂಬರು ರಸ್ತೆ, ಸೇತುವೆ ಎಲ್ಲ ಆಗಿದೆ. ಆದರೂ ಹೆಂಡತಿ ಹೆತ್ತ ಸುದ್ದಿ ಕೇಳಿ ಕೂಸು ನೋಡಲು ಹೊರಟ ಗಂಡಸು ನೀಲಗಂಗವ್ವನ ಹೆಸರಿನಲ್ಲಿ ಅಲ್ಲಿ ಗಾಡಿ ಇಳಿಯುತ್ತಾನೆ. ಹೋದ ವರ್ಷ ನನ್ನ ಮೊಮ್ಮಗ ಮೋಟರ್‌ಸೈಕಲ್ಲಿನ ಎಂಜಿನ್ ಆರಿಸಿ ಇಳುಕಲಿನುದ್ದಕ್ಕೂ ತಳ್ಳಿಕೊಂಡು ನಡೆದ. ಹಿಂದೆ ಬಸ್ಸು ಬಂದು ನಿಂತಿತು. ಡ್ರೈವರು ಹಾರನ್ ಹೊಡೆಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಡೋ ಹೆಣ್ಣೋ ಅಂತ ಕೇಳಿದ.