ಎರಡನೆಯ ರೂಟರಿನ ಹಸಿರು ದೀಪ

ನಿರಂಜನಯ್ಯನವರ ಕುಟೀರದಲ್ಲಿ ಎರಡು ನೀರಿನ ಮಡಕೆಗಳಿದ್ದವು. ಒಂದು ದಿನ ಬಲಗಡೆಯದರಿಂದ ಕುಡಿದರೆ ಮರುದಿನ ಎಡಗಡೆಯದರಿಂದ. ಜ್ವರ ಬಂದು ಮಲಗಿದಾಗಲೂ ಸರದಿ ತಪ್ಪಿಸಿದವರಲ್ಲ.

ವಯಸ್ಸಾದವರ ಚಾಳಿ ಎಂದುಕೊಂಡು ಶಿಷ್ಯೆ ದಾಕ್ಷಾಯಿಣಿ ಒಳಗೊಳಗೇ ನಗುತ್ತಿದ್ದಳು.

ನನ್ನ ನಂತರ ಪಾಠದ ಮಣೆ ನಿನ್ನದು ಎಂದು ಗುರುಗಳು ಹೇಳಿ ವರ್ಷಗಳಾಗಿದ್ದವು. ಒಂದು ದಿನ ಕೂತು ನೋಡು ಎಂದಾಗಲೆಲ್ಲ, ನೀವಿದ್ದೀರಲ್ಲ, ನಾನು ಸಿದ್ಧವಾಗೇ ಇದ್ದೀನಿ ಎಂದು ಅವಳು ಜಾರಿಕೊಳ್ಳುತ್ತಿದ್ದಳು.

ಹೊಳೆಯಾಚೆ ಆಶ್ರಮದ ಔಷಧಾಲಯ. ಅಲ್ಲಿಯ ರೋಗಿಗಳನ್ನು ಪಟ್ಟಣದ ಡಾಕ್ಟರು ಪರದೆಯ ಮೇಲೆ ನೋಡುತ್ತಿದ್ದುದು ಒಂದು ಫೈಬರ್ ಎಳೆಯ ಮೂಲಕ. ಎಳೆಯಲ್ಲಿ ಹರಿಯುವ ಮಾಹಿತಿಗೆ ದಾರಿ ತೋರಲು ಅಲ್ಲಿ ಎರಡು ರೂಟರ್‌ಗಳು. ಒಂದು ಕೆಲಸಕ್ಕೆ, ಇನ್ನೊಂದು ಅದು ಕೆಟ್ಟರೆ ಇರಲಿ ಎಂದು. ಈ ದಡದಲ್ಲೇ ಕೂತು ಕೀಲಿ ಒತ್ತಿದರೆ ಎಳೆ ಒಂದರಿಂದ ಇನ್ನೊಂದಕ್ಕೆ ಹೊರಳುವ ಹಾಗೆ ದಾಕ್ಷಾಯಿಣಿಯೇ ಜೋಡಿಸಿದ್ದಳು. ಮೂರು ವರ್ಷದಲ್ಲಿ ಒಮ್ಮೆಯೂ ಹೊರಳಿಸಿರಲಿಲ್ಲ.

ಒಂದು ಬೆಳಗ್ಗೆ ಗುರುಗಳು ಬಂದು, ಕಂಪ್ಯೂಟರಿನ ಮುಂದಿದ್ದ ಅವಳ ಪಕ್ಕ ಕೂತರು.

“ಎರಡನೆಯದು ಹೇಗಿದೆ, ದಾಕ್ಷಿ?”

“ಹಸಿರು ದೀಪ ಉರೀತಿದೆ, ಅಯ್ಯನವರೇ. ಯಾವಾಗ ಬೇಕಾದ್ರೂ ಸಿದ್ಧ.”

“ಹಾಗಾದರೆ ಹೊರಳಿಸು.”

ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ಅವಳು ಶುರುಮಾಡಿದಳು. ಮಾತು ಮುಗಿಯುವ ಮೊದಲೇ ಗುರುಗಳು ಬೆರಳು ಚಾಚಿ ಕೀಲಿ ಒತ್ತಿಬಿಟ್ಟರು.

ಅವಳ ಪರದೆಯ ಮೇಲೆ ಕಾಣುತ್ತಿದ್ದ ಔಷಧಾಲಯ ಮಾಯವಾಯಿತು.

ಹಿಂದಕ್ಕೆ ಹೊರಳಿಸೋಣವೆಂದರೆ ಆ ಆಜ್ಞೆಯೂ ಈಗ ಸತ್ತುಹೋದ ಅದೇ ಎಳೆಯ ಮೇಲೆ ಹೋಗಬೇಕು. ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊಳೆಗೆ ಓಡಿದಳು.

ಅಂಬಿಗ ಮಾರಪ್ಪ ಹುಟ್ಟು ಹಿಡಿದೇ ಕೂತಿದ್ದ. “ಬನ್ನಿ ಅಕ್ಕಾ. ನೀವು ಬರಿಗಾಲಲ್ಲಿ ಓಡಿ ಬರ್ತೀರಿ, ದೋಣಿ ಎಲ್ಲೂ ಒಯ್ಯಬೇಡ ಅಂತ ಅಯ್ಯನೋರು ನಿನ್ನೇನೇ ಹೇಳಿದ್ರು.”

ಮಧ್ಯಾಹ್ನದವರೆಗೆ ರೋಗಿಗಳನ್ನು ಕೂರಿಸಬೇಡಿ ಎಂದು ಔಷಧಾಲಯಕ್ಕೂ ಹೇಳಿಕಳಿಸಿದ್ದರಂತೆ.

ಆಚೆ ದಡದಲ್ಲಿ ಎರಡನೆಯ ರೂಟರಿನ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಕಳೆದ ವರ್ಷ ಹೊಳೆ ಉಕ್ಕಿದ ಮೇಲೆ ಎಳೆಯ ದಾರಿಗಳೆಲ್ಲ ಬದಲಾಗಿದ್ದವು. ಹೊಸ ದಾರಿಗಳನ್ನು ಅವಳು ಮೊದಲನೆಯದಕ್ಕೆ ಮಾತ್ರ ಕಲಿಸಿದ್ದಳು. ಇದಕ್ಕೆ ಕಲಿಸುವುದು ನಾಳೆ, ನಾಡಿದ್ದು ಎಂದು ಉಳಿದೇಹೋಗಿತ್ತು.

ಎಲ್ಲ ಸರಿಮಾಡಿ ಅವಳು ಮರಳುವ ಹೊತ್ತಿಗೆ ಗುರುಗಳು ಎಡಗಡೆಯ ಮಡಕೆಯಿಂದ ನೀರು ಬಗ್ಗಿಸುತ್ತಿದ್ದರು.

“ಅಲ್ಲಿ ಯಾರಾದ್ರೂ ಸಾಯ್ತಾ ಇದ್ದಿದ್ರೆ?” ಅವಳು ಹೊಸ್ತಿಲಲ್ಲೇ ನಿಂತು ಕೇಳಿದಳು.

“ಇವತ್ತು ಯಾರೂ ಇರಲಿಲ್ಲ.”

ಲೋಟವನ್ನು ಅವಳಿಗೆ ಕೊಟ್ಟು, ಪಾಠದ ಮಣೆಯನ್ನು ಕಾಲಿಂದಲ್ಲ, ಬಗ್ಗಿ ಎರಡೂ ಕೈಯಿಂದ ಅವಳ ಕಡೆ ಸರಿಸಿದರು.

“ನಾಳೆ ಹಿಂದಿನ ಸಾಲಲ್ಲಿ ನಾನು ಕೂತಿರ್ತೀನಿ. ಪಾಠ ನೀನು ಹೇಳು, ತಾಯಿ.”